ಉಚಿತ ಬಾಸ್ ಕಾಳಗದ ಆಟ: ಆಡುವುದು ಹೇಗೆ, ನಿಲ್ಲಿಸುವುದು ಎಲ್ಲಿ

ಎದುರಿನ ಮೃಗ ತಲೆ ತಗ್ಗಿಸುತ್ತದೆ, ಮೈ ಬಿಗಿಹಿಡಿಯುತ್ತದೆ, ಮರುಕ್ಷಣವೇ ನುಗ್ಗುತ್ತದೆ. ‘ಡಾಂಟ್‌ಲೆಸ್’ ಆಟದ ಎಂಬರ್‌ಮೇನ್ ಎಂಬ ಆ ಬೆಂಕಿಯ ಮೃಗದ ಕಾಲಡಿಗೆ ನಾನು ಮೊದಲ ದಿನ ಎಷ್ಟು ಸಲ ಸಿಕ್ಕೆನೋ ಲೆಕ್ಕವಿಲ್ಲ. ಓಡಿದರೆ ಹಿಂದಿನಿಂದ ಬಂದು ಕೆಡವುತ್ತಿತ್ತು, ನಿಂತರೆ ಎದುರಿನಿಂದ. ಮೂರನೆಯ ದಿನ, ಯಾವ ಸಿದ್ಧತೆಯೂ ಇಲ್ಲದೆ, ಆ ತಲೆ ತಗ್ಗುವುದು ನನ್ನ ಕಣ್ಣಿಗೆ ಬಿತ್ತು. ಪಕ್ಕಕ್ಕೆ ಉರುಳಿದೆ. ಮೃಗ ನನ್ನ ಹೆಗಲ ಬಳಿಯಿಂದ ಹಾದುಹೋಯಿತು. ಅದೇ ಮೃಗ, ಅದೇ ಆಯುಧ, ಬಲಾಬಲದ ಅದೇ ಅಂಕಿಗಳು. ಬದಲಾಗಿದ್ದು ನನ್ನ ಕಣ್ಣು ಮಾತ್ರ.

ಬಾಸ್ ಎಂದರೆ ಆಟದ ದೊಡ್ಡ, ಕಠಿಣ ಎದುರಾಳಿ. ಬಾಸ್ ಕಾಳಗದ ಆಟಗಳ ಸೆಳೆತವೆಲ್ಲ ಈ ಒಂದು ಕ್ಷಣದಲ್ಲಿದೆ. ದಾರಿಯುದ್ದಕ್ಕೂ ಚಿಲ್ಲರೆ ಶತ್ರುಗಳನ್ನು ಸವರಿಕೊಂಡು ಹೋಗುವ ಕೆಲಸವಿಲ್ಲ. ನೇರವಾಗಿ ದೊಡ್ಡ ಮೃಗ, ಹತ್ತು ಹದಿನೈದು ನಿಮಿಷದ ಕಾಳಗ, ಗೆದ್ದರೆ ಅದರ ಮೈಯ ಭಾಗಗಳಿಂದಲೇ ಹೊಸ ಆಯುಧ. ಜಪಾನಿನ ಕ್ಯಾಪ್‌ಕಾಮ್ ಸಂಸ್ಥೆ 2004ರಲ್ಲಿ ‘ಮಾನ್‌ಸ್ಟರ್ ಹಂಟರ್’ ಮೂಲಕ ಜನಪ್ರಿಯಗೊಳಿಸಿದ ಈ ಅಚ್ಚನ್ನು ಉಚಿತ ಆಟಗಳು ನಂತರ ತಮ್ಮದಾಗಿಸಿಕೊಂಡವು. ಹಣ ಕೊಟ್ಟು ಕೊಂಡ ಆಟಕ್ಕೂ ಉಚಿತ ಆಟಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ಮೊದಲೇ ತಿಳಿದಿರಬೇಕು. ಎರಡರಲ್ಲೂ ಒಂದೇ ಮೃಗವನ್ನು ಮತ್ತೆ ಮತ್ತೆ ಎದುರಿಸುತ್ತೇವೆ. ಆದರೆ ಉಚಿತ ಆಟಕ್ಕೆ ನಾವು ದಿನವೂ ಮರಳಿ ಬರುವುದೇ ಬಂಡವಾಳ. ಹಾಗಾಗಿ ಅದರಲ್ಲಿ ಎರಡು ಬಗೆಯ ಪುನರಾವರ್ತನೆ ಬೆರೆತಿರುತ್ತದೆ: ನಮಗೆ ಏನನ್ನೋ ಕಲಿಸುವುದು ಒಂದು, ನಮ್ಮನ್ನು ಸುಮ್ಮನೆ ಸವೆಸುವುದು ಇನ್ನೊಂದು. ಎರಡರ ನಡುವಿನ ಗೆರೆಯನ್ನು ಯಾವ ಆಟವೂ ತೋರಿಸಿಕೊಡುವುದಿಲ್ಲ. ನಾವೇ ಹುಡುಕಿಕೊಳ್ಳಬೇಕು.

ಮೊದಲು ಅಂಗಡಿಯೊಳಗೆ ಇಣುಕಿ

ಆಟವನ್ನು ಡೌನ್‌ಲೋಡ್ ಮಾಡುವ ಮೊದಲು ಟ್ರೇಲರ್ ನೋಡುವುದು ಎಲ್ಲರ ರೂಢಿ. ಅದಕ್ಕಿಂತ ಮುಖ್ಯವಾದದ್ದು ಆಟದೊಳಗಿನ ಅಂಗಡಿ. ಯಾರಾದರೂ ಆಡುತ್ತಿರುವ ವಿಡಿಯೊ ತೆರೆದು ಆ ಅಂಗಡಿಯ ಪುಟ ಬರುವವರೆಗೆ ಓಡಿಸಿ, ಅಲ್ಲಿ ಏನು ಮಾರುತ್ತಿದ್ದಾರೆ ಎಂದು ಗಮನಿಸಿ. ಉಚಿತ ಆಟ ಮಾರಬಹುದಾದದ್ದು ಮೂರೇ: ವೇಷ, ಸಮಯ, ಬಲ.

ವೇಷ ಎಂದರೆ ಕವಚದ ಬಣ್ಣ, ಆಯುಧದ ರೂಪ, ಕುಣಿತದ ಭಂಗಿ. ಇವು ಕಾಳಗವನ್ನು ಮುಟ್ಟುವುದಿಲ್ಲ. ಇವನ್ನಷ್ಟೇ ಮಾರುವ ಆಟವನ್ನು ನಿಶ್ಚಿಂತೆಯಿಂದ ಶುರುಮಾಡಬಹುದು. ಸಮಯ ಎಂದರೆ ಕಾಯುವಿಕೆಯನ್ನು ಕಡಿಮೆ ಮಾಡುವ ಸೌಲಭ್ಯ. ಇಲ್ಲಿ ಎಚ್ಚರ ಬೇಕು, ಏಕೆಂದರೆ ಕಾಯುವಿಕೆಯನ್ನು ತಪ್ಪಿಸುವುದೇ ಸರಕಾದಾಗ ಕಾಯಿಸುವುದರಿಂದ ಲಾಭವಾಗುತ್ತದೆ. ಬಲ ಎಂದರೆ ನೇರವಾಗಿ ಗಟ್ಟಿ ಆಯುಧ, ಹೆಚ್ಚು ಹೊಡೆತ. ಇದನ್ನು ಮಾರುವ ಆಟದಲ್ಲಿ ಮೃಗ ಕಷ್ಟವಾಗಿರುವುದು ನನಗೆ ಕೌಶಲ ಸಾಲದ್ದರಿಂದಲೋ, ಹಣ ಕೊಡಲಿ ಎಂದೋ ಎಂಬ ಅನುಮಾನ ಕೊನೆಯವರೆಗೂ ಕಾಡುತ್ತದೆ. ಆ ಅನುಮಾನ ಹೊಕ್ಕ ಕಾಳಗದಲ್ಲಿ ಗೆದ್ದರೂ ರುಚಿಯಿಲ್ಲ. ನಾನಂತೂ ಅಂಥವನ್ನು ಶುರುಮಾಡುವುದಿಲ್ಲ.

ಒಳಗೇನಿದೆ ಎಂದು ತಿಳಿಯದೆ ತೆರೆಯುವ ಅದೃಷ್ಟದ ಪೆಟ್ಟಿಗೆ, ಅಥವಾ ಲಾಟರಿಯಂತೆ ಪಾತ್ರ, ಆಯುಧ ಕೊಡುವ ಗಾಚಾ ಇದ್ದರೆ ಯಾವುದು ಸಿಗುವ ಸಾಧ್ಯತೆ ಎಷ್ಟೆಂದು ಹೇಳುವ ಸಂಭವನೀಯತೆಯ ಪುಟವನ್ನು ಹುಡುಕಿ. ಚೀನಾ 2017ರ ಮೇ ತಿಂಗಳಿನಿಂದ ಇದನ್ನು ಪ್ರಕಟಿಸುವುದು ಕಡ್ಡಾಯವೆಂದಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಆ್ಯಪಲ್ ತನ್ನ ಆ್ಯಪ್ ಸ್ಟೋರ್‌ಗೂ ಅಂಥದೇ ನಿಯಮ ತಂದಿತು. ಹಾಗಾಗಿ ದೊಡ್ಡ ಆಟಗಳಲ್ಲಿ ಈ ಅಂಕಿಗಳು ಸಾಮಾನ್ಯವಾಗಿ ಎಲ್ಲೋ ಒಂದು ಮೂಲೆಯಲ್ಲಿ, ಸಣ್ಣ ಅಕ್ಷರದಲ್ಲಿ ಇದ್ದೇ ಇರುತ್ತವೆ. ಸಿಗದಿದ್ದರೆ ಆ ಆಟವನ್ನು ಬಿಟ್ಟುಬಿಡಿ.

ಮೊದಲ ವಾರ ಒಂದೇ ಆಯುಧ

ಕತ್ತಿ, ಸುತ್ತಿಗೆ, ಕೊಡಲಿ, ಭರ್ಜಿ, ಸರಪಳಿಯ ಅಲಗುಗಳು, ಜೋಡಿ ಬಂದೂಕು: ಆಟ ಇವನ್ನೆಲ್ಲ ಮೊದಲ ಗಂಟೆಯಲ್ಲೇ ಮುಂದಿಡುತ್ತದೆ. ಎಲ್ಲವನ್ನೂ ಒಮ್ಮೆ ಕೈಗೆತ್ತಿಕೊಂಡು ನೋಡಿ, ಒಂದನ್ನು ಆರಿಸಿ, ಒಂದು ವಾರ ಅದನ್ನೇ ಬಳಸಿ. ಮೃಗವೂ ಹೊಸದು, ಆಯುಧವೂ ಹೊಸದು ಎಂದಾದರೆ ಸೋತಾಗ ಕಾರಣ ಯಾವುದೆಂದು ತಿಳಿಯುವುದಿಲ್ಲ.

ಅಭ್ಯಾಸದ ಅಂಗಳದಲ್ಲಿ ಎರಡು ಸಂಗತಿಗಳನ್ನು ಮಾತ್ರ ಪರೀಕ್ಷಿಸಿ. ಬಟನ್ ಒತ್ತಿದ ಮೇಲೆ ಏಟು ತಗಲಲು ಎಷ್ಟು ಹೊತ್ತಾಗುತ್ತದೆ? ಏಟಿನ ನಡುವೆ ಮನಸ್ಸು ಬದಲಿಸಿ ಉರುಳಲು ಸಾಧ್ಯವೇ? ಸುತ್ತಿಗೆಯಂಥ ಭಾರದ ಆಯುಧಗಳಲ್ಲಿ ಒಮ್ಮೆ ಬೀಸಿದ ಕೈ ಬೀಸಿದ್ದೇ. ಮುಗಿಯುವವರೆಗೆ ಬೇರೇನೂ ಮಾಡಲಾಗುವುದಿಲ್ಲ. ಇದನ್ನು ಕೊರತೆ ಎಂದುಕೊಳ್ಳಬೇಡಿ. ಆ ಬಂಧನವೇ ಪ್ರತಿ ಏಟಿಗೂ ತೂಕ ತರುವುದು.

ಮೃಗವನ್ನು ಓದುವ ಬಗೆ

ಈ ಲೇಖನದಲ್ಲಿ ಒಂದೇ ಭಾಗ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ಕಣ್ಣಿಗೆ ಕಂಡದ್ದಕ್ಕೆ ಕೈ ಪ್ರತಿಕ್ರಿಯಿಸಲು ಸಾಮಾನ್ಯವಾಗಿ ಸೆಕೆಂಡಿನ ಕಾಲು ಭಾಗ ಬೇಕು. ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಬಿಡಿಚಿತ್ರ, ಓಡುವ ಆಟದಲ್ಲಿ ಅಷ್ಟರೊಳಗೆ ಸುಮಾರು 15 ಫ್ರೇಮ್ ಕಳೆದುಹೋಗಿರುತ್ತವೆ. ಏಟು ಬರುತ್ತಿರುವುದನ್ನು ನೋಡಿ ಉರುಳುತ್ತೇನೆ ಎಂದರೆ ಆಗಲೇ ತಡವಾಗಿರುತ್ತದೆ. ಆದ್ದರಿಂದ ನೋಡಬೇಕಾದದ್ದು ಏಟಿಗೆ ಮುಂಚಿನ ಸೂಚನೆಯನ್ನು.

ಬಾಸ್‌ನ ಪ್ರತಿ ದಾಳಿಯೂ ಮೂರು ತುಂಡುಗಳಲ್ಲಿ ಬರುತ್ತದೆ: ಸೂಚನೆ, ಹೊಡೆತ, ಸುಧಾರಿಕೆ. ತಲೆ ತಗ್ಗುವುದು, ಬಾಲ ಒಂದು ಬದಿಗೆ ಸರಿಯುವುದು, ರೆಕ್ಕೆ ಅರಳುವುದು, ಗುರುಗುಟ್ಟುವ ಸದ್ದು, ಇವು ಸೂಚನೆ. ನಂತರ ಹೊಡೆತ. ಆಮೇಲೆ ಮೃಗ ತನ್ನ ಸಮತೋಲನವನ್ನು ಮರಳಿ ಪಡೆಯುವ ಅರೆಗಳಿಗೆ ಸುಧಾರಿಕೆ. ನಮ್ಮ ಏಟು ಬೀಳಬೇಕಾದದ್ದು ಆ ಅರೆಗಳಿಗೆಯಲ್ಲಿ. ಹೊಸಬರು ಮೃಗ ಸುಮ್ಮನೆ ನಿಂತಾಗ ಹೊಡೆಯಲು ಹೋಗುತ್ತಾರೆ. ಅದು ಸುಮ್ಮನೆ ನಿಂತಿಲ್ಲ. ಮುಂದಿನ ದಾಳಿಯನ್ನು ಆರಿಸುತ್ತಿದೆ.

ಹೊಸ ಬಾಸ್‌ನ ಮೊದಲ ಕಾಳಗದಲ್ಲಿ ಎರಡು ನಿಮಿಷ ಆಯುಧವನ್ನೇ ಎತ್ತಬೇಡಿ. ಸುತ್ತ ನಡೆಯಿರಿ. ಹತ್ತಿರವಿದ್ದಾಗ ಏನು ಮಾಡುತ್ತದೆ, ದೂರ ಸರಿದರೆ ಏನು ಮಾಡುತ್ತದೆ, ಬೆನ್ನ ಹಿಂದೆ ನಿಂತರೆ ಏನು ಮಾಡುತ್ತದೆ ಎಂದು ನೋಡಿ. ಹೆಚ್ಚಿನ ಮೃಗಗಳು ನಾವಿರುವ ದೂರವನ್ನು ನೋಡಿಯೇ ದಾಳಿ ಆರಿಸುತ್ತವೆ. ಬೆರಳೆಣಿಕೆಯಷ್ಟು ದಾಳಿಗಳು ಎಲ್ಲವನ್ನೂ ಆಳುತ್ತಿವೆ ಎಂದು ಕಂಡಾಗ, ಇಷ್ಟೊತ್ತು ಅಬ್ಬರವಾಗಿ ಕಂಡದ್ದು ಒಂದು ತಾಳಕ್ಕೆ ಕುಳಿತುಕೊಳ್ಳುತ್ತದೆ.

ಮುಂದೆ ಕಾಲಿನ ಕೆಲಸ. ಹೆದರಿಕೆ ನಮ್ಮನ್ನು ಹಿಂದಕ್ಕೆ ಉರುಳಿಸುತ್ತದೆ; ಆದರೆ ಮೃಗದ ಕೈ ನಾವು ಸರಿದ ಕಡೆಗೇ ಚಾಚುತ್ತದೆ. ಏಟಿನ ಒಳಕ್ಕೆ, ಅದರ ಪಕ್ಕೆಯತ್ತ ಉರುಳಿ. ಉರುಳುವಾಗ ಕೆಲವೇ ಫ್ರೇಮ್‌ಗಳ ಕಾಲ ಯಾವ ಏಟೂ ತಾಗದಂತೆ ಇಂಥ ಬಹುಪಾಲು ಆಟಗಳು ರಕ್ಷಣೆ ಕೊಡುತ್ತವೆ. ಒಳಕ್ಕೆ ಉರುಳಿದರೆ ಏಟು ನಿಮ್ಮನ್ನು ದಾಟುತ್ತದೆ, ಎದ್ದಾಗ ಮೃಗದ ಪಕ್ಕೆ ಕೈಗೆಟುಕುವಲ್ಲಿರುತ್ತದೆ. ಮೊದಲ ಕೆಲವು ಸಲ ಇದು ಹುಚ್ಚುತನ ಅನ್ನಿಸುತ್ತದೆ, ಮಾಡಿ.

ಉರುಳಿದಾಗಲೆಲ್ಲ ಕರಗುವ ದಮ್ಮಿನ ಪಟ್ಟಿಯನ್ನು ಎಂದೂ ಪೂರ್ತಿ ಖಾಲಿ ಮಾಡಬೇಡಿ. ಒಂದು ಉರುಳಿಗೆ ಬೇಕಾದಷ್ಟು ಯಾವಾಗಲೂ ಉಳಿದಿರಲಿ. ಹಾಗೆಯೇ ಹೊಡೆಯಲು ಮೂರು ಏಟಿನ ಸಮಯವಿದೆ ಎನ್ನಿಸಿದರೆ ಎರಡು ಹೊಡೆದು ಸರಿಯಿರಿ. ನಾನು ಸತ್ತ ಕಾಳಗಗಳಲ್ಲಿ ಅರ್ಧಕ್ಕೂ ಹೆಚ್ಚು ಆ ಮೂರನೆಯ ಏಟಿನ ಆಸೆಗೇ ಸಂದಿವೆ. ಔಷಧವನ್ನೂ ಜೀವ ಕಡಿಮೆಯಾದ ಕ್ಷಣದಲ್ಲಲ್ಲ, ಮೃಗದ ಸುಧಾರಿಕೆಯ ಹೊತ್ತಿನಲ್ಲೇ ಕುಡಿಯಬೇಕು.

ಎಲ್ಲಿ ಹೊಡೆಯಬೇಕು ಎಂಬುದೂ ಒಂದು ವಿದ್ಯೆ. ಮೃಗದ ಬಾಲ ಕಡಿಯಲು ಅಲಗಿನ ಆಯುಧವೇ ಬೇಕು. ತಲೆಗೆ ಸುತ್ತಿಗೆಯಿಂದ ಬಾರಿಸಿದರೆ ಅದು ತತ್ತರಿಸಿ ಬೀಳುತ್ತದೆ. ಮಾನ್‌ಸ್ಟರ್ ಹಂಟರ್‌ನಲ್ಲಿ ಇದು ಹೀಗೆಯೇ, ಡಾಂಟ್‌ಲೆಸ್‌ನಲ್ಲೂ ಹೀಗೆಯೇ ಇತ್ತು. ಬಾಲ ಹೋದ ಮೃಗದ ಬಾಲದೇಟು ಮೊಟಕಾಗುತ್ತದೆ, ಮುರಿದ ಭಾಗ ನಿಮ್ಮ ಮುಂದಿನ ಆಯುಧಕ್ಕೆ ಸಾಮಗ್ರಿಯಾಗುತ್ತದೆ. ಮೃಗದ ಸ್ಥಿತಿಯನ್ನೂ ಅದರ ಮೈಯಲ್ಲೇ ಓದಿ: ಮಾನ್‌ಸ್ಟರ್ ಹಂಟರ್‌ನಲ್ಲಿ ಸೋಲು ಹತ್ತಿರವಾದ ಮೃಗ ಕುಂಟುತ್ತಾ ಗೂಡಿನತ್ತ ಹೊರಡುತ್ತದೆ. ಅದನ್ನು ಮೊದಲ ಸಲ ಕಂಡಾಗ ನನಗೆ ಗೆಲುವಿನ ಸಂತೋಷಕ್ಕಿಂತ ಮರುಕವೇ ಹೆಚ್ಚಾಗಿತ್ತು. ಉಳಿದ ಜೀವವನ್ನು ತೋರಿಸುವ ಅಂಕಿಯ ಪಟ್ಟಿಯೊಂದು ಅಂಥ ಭಾವವನ್ನು ಹುಟ್ಟಿಸಲಾರದು.

ಕೊನೆಯದಾಗಿ, ಸತ್ತಾಗಲೆಲ್ಲ ಮತ್ತೆ ಶುರುಮಾಡುವ ಮೊದಲು ಒಂದು ವಾಕ್ಯ ಬರೆದಿಡಿ: ಯಾವ ದಾಳಿ ಕೊಂದಿತು, ಅದರ ಸೂಚನೆ ಏನಿತ್ತು. ಪಕ್ಕದಲ್ಲಿ ಒಂದು ಹಾಳೆ ಸಾಕು. “ಎಡಗಾಲು ಎತ್ತಿತು, ನಾನು ಬಲಕ್ಕೆ ಹೋದೆ” ಎಂಬಷ್ಟು ಬರೆದರಾಯಿತು. ಈ ಹಾಳೆ ಮುಂದೆ ಇನ್ನೊಂದು ಕೆಲಸಕ್ಕೂ ಬರುತ್ತದೆ.

ತಂಡ ಸೇರುವುದು

ಹೊಸ ಬಾಸ್ ಒಂದನ್ನು ಒಮ್ಮೆಯಾದರೂ ಒಬ್ಬರೇ ಎದುರಿಸಿ, ಆಮೇಲೆ ತಂಡ ಸೇರಿ. ನಾಲ್ವರಿರುವಾಗ ಮೃಗದ ಗಮನ ಹಂಚಿಹೋಗುತ್ತದೆ. ಸೂಚನೆ ಓದದೆಯೇ ಗೆಲ್ಲಬಹುದು, ಆದರೆ ಏನೂ ಕಲಿತಿರುವುದಿಲ್ಲ. ಕಲಿತ ಮೇಲೆ ತಂಡದ ಸುಖ ಬೇರೆಯೇ. ಅಪರಿಚಿತರೊಬ್ಬರು ತಮ್ಮ ಔಷಧ ಬಿಟ್ಟು, ಮೃಗದ ಕಾಲಡಿಯಲ್ಲಿ ಕುಳಿತು ನಿಮ್ಮನ್ನು ಎಬ್ಬಿಸುವ ಆ ನಾಲ್ಕು ಸೆಕೆಂಡು ಮರೆಯುವಂಥದ್ದಲ್ಲ. ಡಾಂಟ್‌ಲೆಸ್ 2019ರ ಮೇ ತಿಂಗಳಲ್ಲಿ ಪೂರ್ಣ ಬಿಡುಗಡೆಯಾದಾಗ ಪ್ಲೇಸ್ಟೇಷನ್, ಎಕ್ಸ್‌ಬಾಕ್ಸ್, ಕಂಪ್ಯೂಟರ್ ಮೂರರ ಆಟಗಾರರನ್ನೂ ಒಂದೇ ಬೇಟೆಯಲ್ಲಿ ಕೂಡಿಸಿತ್ತು. ಉಚಿತ ಆಟಕ್ಕೆ ಮಾತ್ರ ಇರುವ ವರ ಇನ್ನೊಂದಿದೆ: ಗೆಳೆಯರನ್ನು ಕರೆಯಲು ಅವರ ಬಳಿ ಹಣವಿದೆಯೇ ಎಂದು ಕೇಳಬೇಕಾಗಿಲ್ಲ.

ಸವೆಸುವ ಪುನರಾವರ್ತನೆಯ ಗುರುತು

ಈಗ ಆ ಹಾಳೆಯನ್ನು ತೆಗೆಯಿರಿ. ಸಾವಿನ ಕಾರಣಗಳು ದಿನದಿಂದ ದಿನಕ್ಕೆ ಬದಲಾಗುತ್ತಿದ್ದರೆ ನೀವು ಕಲಿಯುತ್ತಿದ್ದೀರಿ, ಆಡಿ. “ಎಲ್ಲ ಸರಿಯಾಗಿಯೇ ಮಾಡಿದೆ, ಆದರೂ ಒಂದೇ ಏಟಿಗೆ ಸತ್ತೆ” ಎಂದು ಸತತವಾಗಿ ಬರೆಯುತ್ತಿದ್ದರೆ ಎದುರಿಗಿರುವುದು ಮೃಗವಲ್ಲ, ಅಂಕಿಯ ಗೋಡೆ: ಕೌಶಲವಿದ್ದರೂ ಆಯುಧ, ಕವಚಗಳ ಬಲ ಸಾಲದು. ಹಾಳೆಯಲ್ಲಿ ಹಲವು ದಿನಗಳಿಂದ ಏನೂ ಬರೆದೇ ಇಲ್ಲ, ಕಾಳಗ ಮಾತ್ರ ದಿನಕ್ಕೆ ಹತ್ತು ನಡೆಯುತ್ತಿದೆ ಎಂದಾದರೆ, ಕಲಿಕೆ ಎಂದೋ ಮುಗಿದಿದೆ. ಉಳಿದಿರುವುದು ಸಾಮಗ್ರಿ ಹೆಕ್ಕುವ ಕೆಲಸ.

ಆ ಕೆಲಸ ಬೇಡವೆಂದಲ್ಲ. ಎಷ್ಟೆಂದು ತಿಳಿದು ಮಾಡಬೇಕು. ನಿಮಗೆ ಬೇಕಾದ ಕೊಂಬು ಹತ್ತು ಕಾಳಗಕ್ಕೊಮ್ಮೆ ಸಿಗುತ್ತದೆ ಎಂದಿಟ್ಟುಕೊಳ್ಳಿ. ಹತ್ತು ಸಲ ಗೆದ್ದರೆ ಸಿಕ್ಕೇ ಸಿಗುತ್ತದೆ ಎಂದು ಮನಸ್ಸು ಹೇಳುತ್ತದೆ. ಲೆಕ್ಕ ಹೇಳುವುದು ಬೇರೆ: ಹತ್ತು ಗೆಲುವಿನಲ್ಲಿ ಸಿಗುವ ಸಾಧ್ಯತೆ ಶೇ 65 ಮಾತ್ರ. ಶೇ 90ರಷ್ಟು ಭರವಸೆ ಬೇಕಾದರೆ 22 ಸಲ ಗೆಲ್ಲಬೇಕು. ಕಾಯುವಿಕೆಯೂ ಸೇರಿ ಒಂದು ಕಾಳಗಕ್ಕೆ 15 ನಿಮಿಷ ಹಿಡಿದರೆ ಐದೂವರೆ ಗಂಟೆ. ಈ ಲೆಕ್ಕವನ್ನು ಮೊದಲೇ ಹಾಕಿ, ಆ ಕೊಂಬಿಗೆ ಐದೂವರೆ ಗಂಟೆ ಕೊಡಬಲ್ಲಿರಾ ಎಂದು ಕೇಳಿಕೊಳ್ಳಿ. ಹೌದಾದರೆ ಸಂತೋಷದಿಂದ ಕೊಡಿ.

ಇನ್ನು ಕೆಲವು ಆಟಗಳು ಪ್ರತಿಫಲಕ್ಕೇ ಬೀಗ ಹಾಕುತ್ತವೆ. 2020ರ ಸೆಪ್ಟೆಂಬರ್‌ನಲ್ಲಿ ಬಂದ ‘ಗೆನ್‌ಶಿನ್ ಇಂಪ್ಯಾಕ್ಟ್’ನಲ್ಲಿ ಬಯಲಿನ ಬಾಸ್ ಒಂದನ್ನು ಸೋಲಿಸಿ ಸಾಮಗ್ರಿ ಪಡೆಯಲು ರೆಸಿನ್ ಎಂಬ, ಹೊತ್ತು ಕಳೆದಂತೆ ತುಂಬಿಕೊಳ್ಳುವ ಶಕ್ತಿಯಲ್ಲಿ 40 ತೆರಬೇಕು. ಎಂಟು ನಿಮಿಷಕ್ಕೆ ಒಂದು ರೆಸಿನ್ ಹುಟ್ಟುತ್ತದೆ. 200ಕ್ಕೆ ಬಂದು ನಿಲ್ಲುತ್ತದೆ. ಅಂದರೆ ಒಂದು ಬಾಸ್‌ನ ಪ್ರತಿಫಲಕ್ಕೆ 5 ಗಂಟೆ 20 ನಿಮಿಷ ಕಾಯಬೇಕು, ಪಾತ್ರೆ ತುಂಬಲು 26 ಗಂಟೆ 40 ನಿಮಿಷ. ದಿನಕ್ಕೊಮ್ಮೆ ಬಂದು ಖಾಲಿ ಮಾಡಿ ಹೋಗಿ ಎಂದು ಈ ಅಂಕಿ ಹೇಳುತ್ತಿದೆ. ಕಾಳಗಕ್ಕೆ ಮಾತ್ರ ರೆಸಿನ್ ಬೇಡ. ಪ್ರತಿಫಲ ಮುಟ್ಟದೆ ಎಷ್ಟು ಸಲವಾದರೂ ಹೋರಾಡಬಹುದು. ಇದರಲ್ಲಿ ಒಂದು ಒಳ್ಳೆಯ ಪರೀಕ್ಷೆ ಅಡಗಿದೆ. ರೆಸಿನ್ ಮುಗಿದ ಮೇಲೂ ಆ ಬಾಸ್ ಮುಂದೆ ನಿಲ್ಲುವ ಆಸೆಯಿದೆಯೇ? ಇದ್ದರೆ ನೀವು ಆಟ ಆಡುತ್ತಿದ್ದೀರಿ. ಇಲ್ಲದಿದ್ದರೆ ಹಾಜರಿ ಹಾಕುತ್ತಿದ್ದೀರಿ. ಹಾಜರಿಯನ್ನು ಒಂದು ವಾರ ತಪ್ಪಿಸಿ ನೋಡಿ. ಮರಳಿ ಬಂದಾಗ ಕಳೆದುಕೊಂಡದ್ದು ಎಷ್ಟು ಅಲ್ಪ ಎಂಬುದು ತಾನಾಗಿ ತಿಳಿಯುತ್ತದೆ.

ಹಣದ ಹತ್ತಿರ ಹೋಗುವಾಗ

ಉಚಿತ ಆಟಕ್ಕೆ ಹಣ ಕೊಡಲೇಬಾರದು ಎಂಬ ಹಟ ನನಗಿಲ್ಲ. ಮೂವತ್ತು ಗಂಟೆ ಸಂತೋಷ ಕೊಟ್ಟ ಆಟದಿಂದ ಒಂದು ವೇಷ ಕೊಂಡರೆ ಅದು ಅದನ್ನು ಮಾಡಿದವರಿಗೆ ಸಲ್ಲುವ ಸಂಭಾವನೆ. ಮೂವತ್ತು ಗಂಟೆಗಿಂತ ಮೊದಲು ಮಾತ್ರ ಏನನ್ನೂ ಕೊಳ್ಳಬೇಡಿ. ಮೊದಲ ದಿನದ ‘ವಿಶೇಷ ರಿಯಾಯಿತಿ’ ಅರಿಯದವರಿಗಾಗಿಯೇ ಇಟ್ಟದ್ದು. ಸೋತ ಸಿಟ್ಟಿನಲ್ಲಿರುವಾಗಲೂ ಅಂಗಡಿ ತೆರೆಯಬೇಡಿ. ಕೊಳ್ಳಬೇಕೆನಿಸಿದ್ದನ್ನು ಒಂದು ರಾತ್ರಿ ಕಳೆದ ಮೇಲೆ ಕೊಳ್ಳಿ.

ಗಾಚಾಕ್ಕೆ ಬೇರೆಯೇ ಶಿಸ್ತು ಬೇಕು. ಗೆನ್‌ಶಿನ್‌ನಲ್ಲಿ ಐದು ನಕ್ಷತ್ರದ, ಅಂದರೆ ಅತಿ ಅಪರೂಪದ ಪಾತ್ರ ಬರುವ ಮೂಲ ಸಂಭವನೀಯತೆ ಶೇ 0.6. ಐವತ್ತು ಸಲ ಪ್ರಯತ್ನಿಸಿದ ನೂರು ಜನರಲ್ಲಿ ಸುಮಾರು 74 ಜನರಿಗೆ ಅದು ಬಂದಿರುವುದಿಲ್ಲ. 90ನೆಯ ಪ್ರಯತ್ನಕ್ಕೆ ಖಾತರಿಯೇನೋ ಇದೆ, ಆದರೆ ಬಂದದ್ದು ನೀವು ಬಯಸಿದ ಪಾತ್ರವೇ ಆಗಿರಬೇಕೆಂದಿಲ್ಲ; ಮೊದಲ ಸಲ ತಪ್ಪಿದರೆ ಎರಡನೆಯ ಸಲ ಖಂಡಿತ. ಅಲ್ಲಿಗೆ ಅತಿ ಕೆಟ್ಟ ಸಂದರ್ಭದಲ್ಲಿ 180 ಪ್ರಯತ್ನ, ಪ್ರಯತ್ನಕ್ಕೆ ಆ ಆಟದ ನಾಣ್ಯವಾದ ಪ್ರೈಮೊಜೆಮ್ 160ರಂತೆ 28,800. ಈ ಕೊನೆಯ ಅಂಕಿಯನ್ನೇ ಬೆಲೆ ಎಂದು ಪರಿಗಣಿಸಿ. ಅಷ್ಟು ಕೂಡಿಟ್ಟಿದ್ದರೆ ಮಾತ್ರ ಕೈ ಹಾಕಿ, ಅದೂ ಆಡಿ ಗಳಿಸಿದ್ದರಿಂದ. ಆಟದ ನಾಣ್ಯವನ್ನು ನಿಮ್ಮ ದೇಶದ ಹಣಕ್ಕೆ ಪರಿವರ್ತಿಸಿ ಕಾಗದದ ಮೇಲೆ ಬರೆದು ನೋಡುವ ಅಭ್ಯಾಸವನ್ನೂ ಮಾಡಿಕೊಳ್ಳಿ. ರತ್ನ, ಹರಳು ಎಂಬ ಹೆಸರುಗಳಡಿ ಆ ಮೊತ್ತ ಮರೆಯಾಗಿರುತ್ತದೆ.

ಮನೆಯಲ್ಲಿ ಮಕ್ಕಳು ಆಡುತ್ತಿದ್ದರೆ ಇಂದೇ ಖಾತೆಯಿಂದ ಕಾರ್ಡಿನ ವಿವರ ಅಳಿಸಿ, ಪ್ರತಿ ಖರೀದಿಗೂ ಪಾಸ್‌ವರ್ಡ್ ಕೇಳುವಂತೆ ಮಾಡಿ. ಇದು ಅತಿಯಾದ ಭಯವಲ್ಲ. 2018ರಲ್ಲಿ ಬೆಲ್ಜಿಯಂ ಹಣ ಕೊಟ್ಟು ತೆರೆಯುವ ಅದೃಷ್ಟದ ಪೆಟ್ಟಿಗೆಗಳನ್ನು ಜೂಜಿನ ಕಾನೂನಿನಡಿ ತಂದಿತು. 2025ರ ಜನವರಿಯಲ್ಲಿ ಗೆನ್‌ಶಿನ್‌ನ ಪ್ರಕಾಶಕರು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ ಜತೆಗಿನ ಒಪ್ಪಂದದಲ್ಲಿ 2 ಕೋಟಿ ಡಾಲರ್ ತೆರಲು, 16 ವರ್ಷದೊಳಗಿನವರಿಗೆ ಹೆತ್ತವರ ಒಪ್ಪಿಗೆಯಿಲ್ಲದೆ ಅಂಥ ಪೆಟ್ಟಿಗೆಗಳನ್ನು ಮಾರದಿರಲು ಒಪ್ಪಿಕೊಂಡರು.

ಆಟ ಮುಚ್ಚುವ ದಿನಕ್ಕೆ ಸಿದ್ಧರಾಗಿ

ಎಲ್ಲಕ್ಕಿಂತ ದೊಡ್ಡ ಮಿತಿ ಇದು: ಈ ಆಟ ನಿಮ್ಮ ಯಂತ್ರದಲ್ಲಿದ್ದರೂ ನಿಮ್ಮದಲ್ಲ. ಸರ್ವರ್ ನಿಂತರೆ ಮೃಗವೂ ಇಲ್ಲ, ಆಯುಧವೂ ಇಲ್ಲ.

ಡಾಂಟ್‌ಲೆಸ್‌ನ ಕಥೆ ಇದಕ್ಕೆ ನೇರ ಉದಾಹರಣೆ. ಕೆನಡಾದ ಫೀನಿಕ್ಸ್ ಲ್ಯಾಬ್ಸ್ 2018ರ ಮೇ ತಿಂಗಳ ಮುಕ್ತ ಬೀಟಾಕ್ಕೂ (ಎಲ್ಲರಿಗೂ ತೆರೆದ ಪರೀಕ್ಷಾ ಆವೃತ್ತಿಗೂ) ಮೊದಲೇ ಅದೃಷ್ಟದ ಪೆಟ್ಟಿಗೆಗಳನ್ನು ತೆಗೆದುಹಾಕಿತ್ತು. ಅದು ನನ್ನ ಮೆಚ್ಚಿನ ನಿರ್ಧಾರ. ಆದರೆ 2024ರ ಡಿಸೆಂಬರ್‌ನ ‘ಅವೇಕನಿಂಗ್’ ಎಂಬ ದೊಡ್ಡ ಬದಲಾವಣೆಯಲ್ಲಿ ಆಟಗಾರರು ವರ್ಷಗಟ್ಟಲೆ ಬೇಟೆಯಾಡಿ ಕಟ್ಟಿಕೊಂಡಿದ್ದ ಆಯುಧಗಳ ವ್ಯವಸ್ಥೆಯೇ ತಲೆಕೆಳಗಾಯಿತು. ಹೊಸ ಆಯುಧಗಳು ಅಂಗಡಿಯ ದಾರಿಯಲ್ಲೂ ಸಿಗುವಂತಾದವು. ಅದೇ ಹೊತ್ತಿಗೆ ಕಂಪ್ಯೂಟರ್ ಆಟಗಳ ಆನ್‌ಲೈನ್ ಅಂಗಡಿಯಾದ ಸ್ಟೀಮ್‌ಗೆ ಬಂದ ಆಟವನ್ನು ಹಳಬರ ಸಿಟ್ಟಿನ ವಿಮರ್ಶೆಗಳು ಮುತ್ತಿಕೊಂಡವು. ಮುಂದಿನ ತಿಂಗಳೇ ಸಂಸ್ಥೆಯ ಬಹುಪಾಲು ನೌಕರರು ಕೆಲಸ ಕಳೆದುಕೊಂಡರು. 2025ರ ಮೇ 29ರಂದು ಸರ್ವರ್‌ಗಳು ನಿಂತವು. ಎಂಬರ್‌ಮೇನ್ ಈಗ ಎಲ್ಲೂ ತಲೆ ತಗ್ಗಿಸುವುದಿಲ್ಲ. ಅದನ್ನು ನೆನೆದರೆ ಇಂದಿಗೂ ಎದೆಯಲ್ಲೊಂದು ಭಾರ.

ಆದ್ದರಿಂದ ಕೂಡಿಡುವ ಚಟ ಬಿಡಿ. ‘ಮುಂದೆ ಬೇಕಾಗಬಹುದು’ ಎಂದು ಪೆಟ್ಟಿಗೆಯಲ್ಲಿಟ್ಟ ಅಪರೂಪದ ಔಷಧವನ್ನು ಈ ವಾರದ ಕಾಳಗದಲ್ಲೇ ಬಳಸಿ. ಮೂರು ತಿಂಗಳಿಗಾಗುವಷ್ಟು ನಾಣ್ಯವನ್ನು ಒಮ್ಮೆಗೇ ಕೊಳ್ಳಬೇಡಿ. ಒಳ್ಳೆಯ ಕಾಳಗ ನಡೆದ ದಿನ ಅದರ ವಿಡಿಯೊ ಉಳಿಸಿಕೊಳ್ಳಿ; ಹೆಚ್ಚಿನ ಯಂತ್ರಗಳಲ್ಲಿ ಕೊನೆಯ ಕೆಲವು ನಿಮಿಷಗಳನ್ನು ಉಳಿಸುವ ಬಟನ್ ಇದೆ. ತಂಡದಲ್ಲಿ ಆತ್ಮೀಯರಾದವರ ಜತೆ ಆಟದ ಹೊರಗೂ ಸಂಪರ್ಕವಿರಲಿ, ಏಕೆಂದರೆ ಆಟದೊಳಗಿನ ಗೆಳೆಯರ ಪಟ್ಟಿಯೂ ಸರ್ವರ್ ಜತೆಗೇ ಅಳಿಸಿಹೋಗುತ್ತದೆ.

ಮುಚ್ಚುವ ಪ್ರಕಟಣೆ ಬಂದೇಬಿಟ್ಟರೆ ಅಂದೇ ಖರೀದಿ ನಿಲ್ಲಿಸಿ. ಖರ್ಚಾಗದ ನಾಣ್ಯಕ್ಕೆ ಮರುಪಾವತಿ ಇದೆಯೇ, ಅದಕ್ಕೆ ಕೊನೆಯ ದಿನಾಂಕ ಯಾವುದು ಎಂದು ಆ ಪ್ರಕಟಣೆಯಲ್ಲೇ ಓದಿ. ಉಳಿದ ದಿನಗಳಲ್ಲಿ ಹಾಜರಿ, ಸಾಮಗ್ರಿ ಎಲ್ಲವನ್ನೂ ಬದಿಗಿಟ್ಟು ನಿಮಗೆ ಪ್ರಿಯವಾದ ಮೃಗಗಳನ್ನು ಮಾತ್ರ ಎದುರಿಸಿ. ಮೊದಲ ದಿನ ಕೈಯಲ್ಲಿದ್ದ ಆ ಸಾಧಾರಣ ಕತ್ತಿಯನ್ನೇ ಎತ್ತಿಕೊಳ್ಳಿ, ಹಳೆಯ ಹಾಳೆಯನ್ನು ಪಕ್ಕದಲ್ಲಿಟ್ಟುಕೊಳ್ಳಿ, ಅಂದು ನಿಮ್ಮನ್ನು ಕೊಂದ ದಾಳಿಗಳನ್ನು ಒಂದೊಂದಾಗಿ ತಪ್ಪಿಸಿಕೊಂಡು ಹೋಗಿ.